ಕೂಗಾಟದ ನಡುವೆ ಎಂಟು ಹಾಡು

1982ರ ಜುಲೈ 17. ಸ್ವಿಟ್ಜರ್ಲೆಂಡಿನ ಸರೋವರದಂಚಿನ ಊರಿನಲ್ಲಿ, ಟೆಕ್ಸಾಸಿನಿಂದ ಬಂದ 27ರ ಯುವಕನೊಬ್ಬ ಗಿಟಾರ್ ನುಡಿಸಿದ. ಸಭಿಕರು ‘ಬೂ’ ಎಂದು ಕೂಗಿದರು. ಅದೇ ರಾತ್ರಿಯ ನುಡಿಸಾಣಿಕೆಗೆ ಮುಂದೆ ಗ್ರ್ಯಾಮಿ ಬಂತು. ಸ್ಟೀವಿ ರೇ ವಾನ್ ತೀರಿಕೊಂಡು ಮೂರು ದಶಕ ದಾಟಿದರೂ ಅವನ ಅಭಿಮಾನಿಗಳು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಸೋತ ರಾತ್ರಿಯ ಮುಂದೆಯೇ.

ಮಳೆಯ ಕಕ್ಕಡ ತಿಂಗಳು ಹಿಡಿಯಿತೆಂದರೆ ಕೊಡಗಿನ ಗಾಳಿಬೀಡಿನಲ್ಲಿ ಹೊತ್ತು ಗೊತ್ತಾಗುವುದಿಲ್ಲ. ಮಧ್ಯಾಹ್ನ ಮೂರಕ್ಕೇ ಮಂಜು ಅಂಗಳಕ್ಕೆ ಇಳಿದು ಎದುರಿನ ಕಾಫಿ ಗಿಡ ಕಾಣದಾಗುತ್ತದೆ. ಕರೆಂಟು ಹೋಗಿದೆ, ಇನ್‌ವರ್ಟರ್ ಕೈಕೊಟ್ಟಿದೆ. ಒಳಗೆ ಅಕ್ಕ ಕಣಿಲೆ ಹೆಚ್ಚುತ್ತಿದ್ದಾಳೆ. ಜಗಲಿಯ ಕೋಣೆಯಲ್ಲಿ ಭಾವ, ಅವರ ಮಗಳು, ನಾನು ಮೂವರೂ ಒಂದು ಲ್ಯಾಪ್‌ಟಾಪಿನ ಮುಂದೆ. ಉಳಿದಿರುವ ಚಾರ್ಜು ಒಂದು ಕಛೇರಿಗೆ ಸಾಕು.

ತೆರೆಯ ಮೇಲೆ ಟೋಪಿ ಹಾಕಿದ ಸಣಕಲು ಯುವಕ. ಕೈಯಲ್ಲಿ ಬಣ್ಣ ಕಿತ್ತುಹೋದ ಸ್ಟ್ರಾಟೊಕಾಸ್ಟರ್ ಗಿಟಾರ್. ಎಡಬಲದಲ್ಲಿ ಒಬ್ಬ ಬೇಸ್ ನುಡಿಸುವವ, ಒಬ್ಬ ಡ್ರಮ್ಮಿನವ, ಅಷ್ಟೇ. ಹಾಡು ಮುಗಿಯುತ್ತದೆ. ಚಪ್ಪಾಳೆಯ ಜೊತೆಗೇ ಅದನ್ನು ಸೀಳಿಕೊಂಡು ಬರುವ ಕೂಗು: ಬೂ... ಬೂ...

‘ಮಾವ, ಯಾಕೆ ಹಿಂಗೆ ಕೂಗ್ತಿದ್ದಾರೆ? ಚೆನ್ನಾಗೇ ನುಡಿಸ್ತಿದ್ದಾರಲ್ಲ?’ ಎಂದು ಹುಡುಗಿ ಕೇಳಿದಳು. ಅವಳು ಗಿಟಾರ್ ಹಿಡಿದು ಇನ್ನೂ ಹೆಚ್ಚು ದಿನವಾಗಿಲ್ಲ. ಬೆರಳ ತುದಿಯ ಗುಳ್ಳೆಗಳು ಒಣಗುತ್ತಿರುವ ಹಂತ.

ಅವಳ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಕಕ್ಕಡ ತಿಂಗಳು ಕಾಲಿಡುವುದೂ ಜುಲೈ 17ರ ಆಸುಪಾಸಿನಲ್ಲೇ ಆದ್ದರಿಂದ, ಕೊಡಗಿನವರಿಗೆ ಈ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಕಾಲವೂ ಇಲ್ಲ. ಗದ್ದೆ ಕೆಲಸ ಬಿಟ್ಟರೆ ಮನೆ ಬಿಟ್ಟು ಹೊರಡುವಂತಿಲ್ಲ. ಕೇಳುವುದಕ್ಕೆ ಬೇಕಾದಷ್ಟು ಪುರುಸೊತ್ತು.

ಆಸ್ಟಿನ್ನಿನಿಂದ ಮಾಂಟ್ರೋಗೆ

ಸ್ಟೀವಿ ರೇ ವಾನ್ ಹುಟ್ಟಿದ್ದು 1954ರ ಅಕ್ಟೋಬರ್ 3ರಂದು, ಟೆಕ್ಸಾಸಿನ ಡಲ್ಲಾಸಿನಲ್ಲಿ. ಅಣ್ಣ ಜಿಮ್ಮಿ ವಾನ್ ಕೂಡ ಗಿಟಾರಿನವನೇ. ತಮ್ಮ ಕಲಿತಿದ್ದು ಅಣ್ಣನನ್ನು ನೋಡಿ, ರೆಕಾರ್ಡುಗಳನ್ನು ಕೇಳಿ. ಶಾಲೆಯನ್ನು ಅರ್ಧಕ್ಕೆ ಬಿಟ್ಟು ಆಸ್ಟಿನ್ ನಗರಕ್ಕೆ ಹೋದವನು ಹತ್ತು ವರ್ಷ ಅಲ್ಲಿನ ಕ್ಲಬ್ಬುಗಳಲ್ಲಿ ನುಡಿಸಿದ. ತಂಡದ ಹೆಸರು ‘ಡಬಲ್ ಟ್ರಬಲ್’. ಡ್ರಮ್ಸಿಗೆ ಕ್ರಿಸ್ ಲೇಟನ್. ಬೇಸ್ ಗಿಟಾರಿಗೆ ಟಾಮಿ ಶ್ಯಾನನ್. ಈತ 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಜಾನಿ ವಿಂಟರ್ ಜೊತೆ ನುಡಿಸಿ ಬಂದವನು.

ಊರಿನಲ್ಲಿ ಹೆಸರಿತ್ತು. ಊರಾಚೆ ಯಾರಿಗೂ ಗೊತ್ತಿರಲಿಲ್ಲ. ಯಾವ ರೆಕಾರ್ಡ್ ಕಂಪನಿಯೂ ಒಪ್ಪಂದ ಮಾಡಿಕೊಂಡಿರಲಿಲ್ಲ.

1982ರ ವಸಂತದಲ್ಲಿ ಆಸ್ಟಿನ್ನಿನ ಕ್ಲಬ್ಬಿನಲ್ಲಿ ಅವನನ್ನು ಕೇಳಿದವರು ಜೆರ್ರಿ ವೆಕ್ಸ್ಲರ್. ರೇ ಚಾರ್ಲ್ಸ್, ಅರೀತಾ ಫ್ರಾಂಕ್ಲಿನ್ ಅವರ ದೊಡ್ಡ ರೆಕಾರ್ಡುಗಳ ಹಿಂದೆ ಇದ್ದ ನಿರ್ಮಾಪಕ. ಮಾಂಟ್ರೋ ಜ್ಯಾಝ್ ಉತ್ಸವ ನಡೆಸುತ್ತಿದ್ದ ಕ್ಲೋಡ್ ನಾಬ್ಸ್‌ಗೆ ಅವರು ಈ ಹುಡುಗನ ಹೆಸರು ಹೇಳಿದರು. ನಾಬ್ಸ್ ಒಂದು ರೆಕಾರ್ಡನ್ನೂ ಮಾಡದ ತಂಡವನ್ನು ಉತ್ಸವಕ್ಕೆ ಕರೆಸಿಕೊಂಡರು. ಹಿರಿಯರೊಬ್ಬರ ಒಂದು ಮಾತಿನ ಮೇಲೆ ವೇದಿಕೆ ಕೊಡುವ ಧೈರ್ಯ ಎಲ್ಲ ಸಂಘಟಕರಿಗೂ ಇರುವುದಿಲ್ಲ. ಈ ಕಥೆಯಲ್ಲಿ ನಾಬ್ಸ್‌ಗೆ ಸಲ್ಲಬೇಕಾದ ಗೌರವ ಸಾಕಷ್ಟು ಸಂದಿಲ್ಲ ಎಂದು ನನಗನ್ನಿಸುತ್ತದೆ.

ಆ ಶನಿವಾರ ರಾತ್ರಿ ಮಾಂಟ್ರೋ ಕ್ಯಾಸಿನೊದಲ್ಲಿ ಬ್ಲೂಸ್ ಕಾರ್ಯಕ್ರಮ. ಸೇರಿದವರಲ್ಲಿ ಬಹಳ ಮಂದಿ ಕಾದಿದ್ದುದು ಹಳೆಯ ಧಾಟಿಯ, ತಣ್ಣಗಿನ, ಕೂತು ಕೇಳುವ ಬ್ಲೂಸಿಗೆ. ಅವರ ಮುಂದೆ ಈ ಮೂವರು ಬಂದು ನಿಂತರು. ಮೊದಲಿಗೆ ಫ್ರೆಡ್ಡಿ ಕಿಂಗ್‌ನ ‘ಹೈಡ್ ಅವೇ’. ಅದು ಮುಗಿಯುವ ಮೊದಲೇ ‘ರೂಡ್ ಮೂಡ್’. ಮಾತಿಲ್ಲದ, ಉಸಿರು ಬಿಡದ ವಾದ್ಯದ ಓಟ. ಒಂದಾದ ಮೇಲೊಂದು ಎಂಟು ಹಾಡು.

ಕಂಬಳಿ ಹೊದ್ದ ಪೆಟ್ಟಿಗೆ

ಆಮೇಲಿನ ಸಂದರ್ಶನಗಳಲ್ಲಿ ವಾನ್ ಆ ರಾತ್ರಿಯ ಬಗ್ಗೆ ಹೇಳಿದ್ದುಂಟು. ಕೂಗಿದವರು ಇಡೀ ಸಭೆಯಲ್ಲ, ಮುಂದಿನ ಸಾಲಿನ ಕೆಲವರು. ಆ ಹಾಲ್ ಕಟ್ಟಿದ್ದೇ ಸಣ್ಣ ಸದ್ದಿನ ಸಂಗೀತಕ್ಕೆ. ಅಲ್ಲಿ ನಾಲ್ಕಾರು ಮಂದಿ ಕೂಗಿದರೂ ಲೋಕವೇ ತಿರುಗಿಬಿದ್ದಂತೆ ಕೇಳುತ್ತದೆ. ಸದ್ದು ಹೆಚ್ಚಾಯಿತು ಎಂಬುದು ಅವರ ದೂರು. ಆದರೆ ಆ್ಯಂಪ್ಲಿಫೈಯರಿನ ಮೇಲೆ ದಪ್ಪ ಮಿಲಿಟರಿ ಕಂಬಳಿಗಳನ್ನು ಮಡಚಿ ಹಾಕಲಾಗಿತ್ತು. ಊರಿನಲ್ಲಿ ವಾಲ್ಯೂಮ್ 10ಕ್ಕೆ ತಿರುಗಿಸಿ ನುಡಿಸುತ್ತಿದ್ದವನು ಅಲ್ಲಿ 2ರಲ್ಲಿಟ್ಟು ನುಡಿಸಿದ್ದ.

ಈ ಕಂಬಳಿಯ ಸಂಗತಿಯನ್ನು ಬಹಳ ಅಭಿಮಾನಿಗಳು ದಾಟಿಕೊಂಡು ಹೋಗುತ್ತಾರೆ. ಅವರಿಗೆ ಬೇಕಾದ್ದು ‘ಯಾರಿಗೂ ಬಗ್ಗದ ವೀರ’. ಆದರೆ ನನಗೆ ಇದೇ ಮುಖ್ಯ. ಅವನು ಬಗ್ಗಲು ಸಿದ್ಧನಿದ್ದ. ಸಭೆಯ ಮರ್ಯಾದೆಗೆ ಸದ್ದು ತಗ್ಗಿಸಿದ್ದ, ಪೆಟ್ಟಿಗೆಗೆ ಕಂಬಳಿ ಹೊದಿಸಿದ್ದ. ಬದಲಿಸಲು ಒಪ್ಪದೇ ಇದ್ದುದು ನುಡಿಸುವ ರೀತಿಯನ್ನು ಮಾತ್ರ. ಎಷ್ಟು ತಗ್ಗಬಹುದು, ಎಲ್ಲಿ ತಗ್ಗಬಾರದು ಎಂಬುದು ಅಂಥ ಹೊತ್ತಿನಲ್ಲಿ ತಿಳಿದಿರುವುದೇ ಕಷ್ಟ.

ಕೂಗುವವರನ್ನೂ ಸುಮ್ಮನೆ ಮೂರ್ಖರೆಂದು ತಳ್ಳಿಹಾಕುವಂತಿಲ್ಲ. ಅವರು ದುಡ್ಡು ಕೊಟ್ಟು ಬಂದದ್ದು ಬೇರೆಯೇ ಒಂದನ್ನು ಕೇಳಲು. ಬ್ಲೂಸ್ ಎಂದರೆ ಹೀಗೇ ಇರಬೇಕು ಎಂಬ ಭಕ್ತಿ ಯುರೋಪಿನ ಕೇಳುಗರಲ್ಲಿ ಗಟ್ಟಿಯಾಗಿತ್ತು. ನಮ್ಮ ಸಂಗೀತ ಸಭೆಗಳಲ್ಲೂ ಇಂಥ ಭಕ್ತಿ ಇದೆ; ಅದು ಒಳ್ಳೆಯದನ್ನೂ ಉಳಿಸಿದೆ, ಹೊಸಬರನ್ನು ನೋಯಿಸಿಯೂ ಇದೆ.

ವೇದಿಕೆ ಇಳಿದ ಮೂವರೂ ಕುಗ್ಗಿಹೋಗಿದ್ದರು.

[ಬಾಕ್ಸ್] ಹೊಗೆ ಎದ್ದ ಕ್ಯಾಸಿನೊ
ಗಿಟಾರ್ ಹಿಡಿದವರೆಲ್ಲ ಮೊದಲು ಕಲಿಯುವ ಡೀಪ್ ಪರ್ಪಲ್‌ನ ‘ಸ್ಮೋಕ್ ಆನ್ ದ ವಾಟರ್’ ಹುಟ್ಟಿದ್ದೂ ಮಾಂಟ್ರೋ ಕ್ಯಾಸಿನೊದಿಂದಲೇ. 1971ರ ಡಿಸೆಂಬರ್ 4ರಂದು ಫ್ರಾಂಕ್ ಝಾಪ್ಪಾ ಕಛೇರಿಯ ನಡುವೆ ಬೆಂಕಿ ಹೊತ್ತಿ ಕಟ್ಟಡ ಸುಟ್ಟುಹೋಯಿತು. ಜಿನೀವಾ ಸರೋವರದ ಮೇಲೆ ಹಬ್ಬಿದ ಆ ಹೊಗೆಯೇ ಹಾಡಿನ ಹೆಸರು. ಒಳಗಿದ್ದ ಯುವಕರನ್ನು ಹೊರಗೆ ಎಳೆದು ತಂದವರಲ್ಲಿ ಕ್ಲೋಡ್ ನಾಬ್ಸ್ ಒಬ್ಬರು; ಹಾಡಿನೊಳಗೆ ಅವರ ಹೆಸರೂ ಇದೆ. ವಾನ್ ನುಡಿಸಿದ್ದು ಮರಳಿ ಕಟ್ಟಿದ ಕ್ಯಾಸಿನೊದಲ್ಲಿ. ನಾಬ್ಸ್ ಕೂಡಿಟ್ಟ ಉತ್ಸವದ ಧ್ವನಿ-ಚಿತ್ರ ಸಂಗ್ರಹ 2013ರಲ್ಲಿ ಯುನೆಸ್ಕೊದ ‘ವಿಶ್ವದ ಸ್ಮೃತಿ’ ಪಟ್ಟಿಗೆ ಸೇರಿತು.

ಕೇಳಿಸಿಕೊಂಡ ಇಬ್ಬರು

ಆ ರಾತ್ರಿ ಅವನನ್ನು ಕೇಳಿದವರಲ್ಲಿ ಡೇವಿಡ್ ಬೋವಿ ಇದ್ದರು. ಆಮೇಲೆ ಕೇಳಿದವರು ಗಾಯಕ ಜ್ಯಾಕ್ಸನ್ ಬ್ರೌನ್. ಕ್ಯಾಸಿನೊದ ಬಾರಿನಲ್ಲಿ ಈ ತಂಡ ನುಡಿಸಿದಾಗ ಬ್ರೌನ್ ಜೊತೆಗೂಡಿದರು, ಬೆಳಗಿನ ತನಕ ನುಡಿಸಾಟ ನಡೆಯಿತು. ಲಾಸ್ ಏಂಜಲೀಸಿನ ನನ್ನ ಸ್ಟುಡಿಯೊಗೆ ಬನ್ನಿ, ದುಡ್ಡು ಬೇಡ, ರೆಕಾರ್ಡ್ ಮಾಡಿಕೊಳ್ಳಿ ಎಂದರು.

1982ರ ನವೆಂಬರಿನಲ್ಲಿ ಮೂವರೂ ಅಲ್ಲಿಗೆ ಹೋದರು. ಮೂರೇ ದಿನದ ಕೆಲಸ. ಕ್ಲಬ್ಬಿನಲ್ಲಿ ನುಡಿಸುವಂತೆಯೇ ಎದುರುಬದುರು ನಿಂತು ನುಡಿಸಿದ್ದೇ ‘ಟೆಕ್ಸಾಸ್ ಫ್ಲಡ್’ ಆಲ್ಬಂ. ಬಾಬ್ ಡಿಲನ್, ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರನ್ನು ಗುರುತಿಸಿದ್ದ ಹಿರಿಯ ಜಾನ್ ಹ್ಯಾಮಂಡ್ ಬೆನ್ನಿಗೆ ನಿಂತರು. 1983ರ ಜೂನಿನಲ್ಲಿ ಅದು ಹೊರಬಂತು.

ಅಷ್ಟರಲ್ಲಿ ಬೋವಿ ತಮ್ಮ ‘ಲೆಟ್ಸ್ ಡ್ಯಾನ್ಸ್’ ಆಲ್ಬಮಿಗೆ ಅವನನ್ನು ಕರೆಸಿಕೊಂಡಿದ್ದರು. ಕುಣಿಸಲೆಂದೇ ಮಾಡಿದ ಹಾಡಿನ ಕೊನೆಯಲ್ಲಿ ಇದ್ದಕ್ಕಿದ್ದಂತೆ ಟೆಕ್ಸಾಸಿನ ಬ್ಲೂಸ್ ಗಿಟಾರ್ ಮೊರೆಯುತ್ತದಲ್ಲ, ಅದು ವಾನ್. 1983ರ ಏಪ್ರಿಲಿನಲ್ಲಿ ಆ ಆಲ್ಬಂ ಬಂದಾಗ, ಅವನ ಹೆಸರು ಕೇಳದ ಕೋಟ್ಯಂತರ ಜನ ಅವನ ಗಿಟಾರನ್ನು ಕೇಳಿಯಾಗಿತ್ತು. ಬೋವಿಯವರ ವಿಶ್ವ ಪ್ರವಾಸಕ್ಕೆ ಹೊರಡಬೇಕಿದ್ದವನು ಕೊನೆಗಳಿಗೆಯಲ್ಲಿ ಹಿಂದೆ ಸರಿದು ತನ್ನ ತಂಡದ ಜೊತೆಯೇ ಉಳಿದ.

ತಿಶ್ರ ನಡೆ, ಶುದ್ಧ ಧನ್ಯಾಸಿ

ಇಷ್ಟು ಕಥೆ ಯಾವ ದೇಶದ ಅಭಿಮಾನಿಯೂ ಹೇಳುತ್ತಾನೆ. ನಮ್ಮ ಕಿವಿಗೆ ಈ ಸಂಗೀತ ಯಾಕೆ ಇಷ್ಟು ಬೇಗ ಹತ್ತುತ್ತದೆ ಎಂಬುದು ಬೇರೆ ಮಾತು.

ಮೊದಲು ತಾಳ. ‘ಪ್ರೈಡ್ ಆ್ಯಂಡ್ ಜಾಯ್’ ಹಾಡಿಗೆ ಕೈ ತಟ್ಟಿ ನೋಡಿ. ನಾಲ್ಕು ಪೆಟ್ಟು. ಆದರೆ ಪ್ರತಿ ಪೆಟ್ಟಿನ ಒಳಗೆ ನಡೆಯುವುದು ತಕಿಟ, ತಕಿಟ. ಪಕ್ಕಾ ತಿಶ್ರ ನಡೆ. ಬ್ಲೂಸಿನವರು ಇದಕ್ಕೆ ‘ಶಫಲ್’ ಎನ್ನುತ್ತಾರೆ. ಆ ಮೂರರಲ್ಲಿ ನಡುವಿನದನ್ನು ನುಂಗಿ ಮೊದಲನೆಯದನ್ನೂ ಮೂರನೆಯದನ್ನೂ ಎತ್ತಿ ಹಿಡಿದಾಗ ಆ ತೂಗು ಹುಟ್ಟುತ್ತದೆ. ಕೊಡಗಿನ ಮದುವೆ ಮನೆಯಲ್ಲಿ ವಾಲಗಕ್ಕೆ ಕುಣಿದು ಬೆಳೆದ ಕಾಲುಗಳಿಗೆ ಮೂರರ ಈ ತೂಗನ್ನು ಯಾರೂ ಹೇಳಿಕೊಡಬೇಕಿಲ್ಲ. ಭಾವನ ಮಗಳು ‘ಪ್ರೈಡ್ ಆ್ಯಂಡ್ ಜಾಯ್’ ಶುರುವಾಗುತ್ತಲೇ ಕಾಲು ತಟ್ಟಿದ್ದನ್ನು ನಾನು ನೋಡಿದೆ. ಸರಿಯಾದ ಜಾಗಕ್ಕೇ ತಟ್ಟುತ್ತಿದ್ದಳು.

ಇನ್ನು ಸ್ವರ. ಬ್ಲೂಸ್ ಗಿಟಾರಿನ ಬೆನ್ನೆಲುಬಾದ ಐದು ಸ್ವರಗಳನ್ನು ನಮ್ಮ ಹೆಸರಿನಲ್ಲಿ ಹೇಳಿದರೆ ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಶುದ್ಧ ಧನ್ಯಾಸಿಯ ಸ್ವರಗಳು! ಧಾರವಾಡದ ಕಡೆಯ ಕೇಳುಗರು ಧಾನಿ ಎಂದಾರು. ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ, ನಿಜ. ಆದರೆ ಮೊದಲ ಸಲ ಕೇಳಿದಾಗಲೇ ಎಲ್ಲೋ ಕೇಳಿದಂತಿದೆ ಎನ್ನಿಸುವುದಕ್ಕೆ ಇದು ಸಾಕು.

ವ್ಯತ್ಯಾಸ ಇರುವುದು ಆಧಾರದಲ್ಲಿ. ನಮ್ಮಲ್ಲಿ ತಂಬೂರಿಯ ಶ್ರುತಿ ಅಲುಗುವುದಿಲ್ಲ. ಬ್ಲೂಸಿನಲ್ಲಿ ಹನ್ನೆರಡು ಆವರ್ತದ ಒಂದು ಸುತ್ತಿನೊಳಗೆ ಹಿಮ್ಮೇಳದ ನೆಲೆ ಷಡ್ಜದಿಂದ ಮಧ್ಯಮಕ್ಕೆ, ಮತ್ತೆ ಷಡ್ಜಕ್ಕೆ, ಅಲ್ಲಿಂದ ಪಂಚಮಕ್ಕೆ ಸರಿದು ಮರಳುತ್ತದೆ. ಕೆಳಗಿನ ನೆಲ ಸರಿಯುತ್ತಿದ್ದರೂ ಮೇಲಿನವನು ತನ್ನ ಐದು ಸ್ವರ ಬಿಡುವುದಿಲ್ಲ. ಹಿಮ್ಮೇಳದಲ್ಲಿ ಅಂತರ ಗಾಂಧಾರ, ಮುಮ್ಮೇಳದಲ್ಲಿ ಸಾಧಾರಣ ಗಾಂಧಾರ. ಎರಡೂ ಒಂದಕ್ಕೊಂದು ಉಜ್ಜಿಕೊಳ್ಳುವ ಜಾಗದಲ್ಲೇ ಬ್ಲೂಸಿನ ನೋವು ಇರುವುದು.

ವಾನ್ ಆ ಗಾಂಧಾರವನ್ನು ಏನು ಮಾಡುತ್ತಾನೆ ಎಂಬುದನ್ನು ಹತ್ತಿರದಿಂದ ಕೇಳಬೇಕು. ‘ಟೆಕ್ಸಾಸ್ ಫ್ಲಡ್’ ನಿಧಾನದ ಹಾಡು. ಉಂಗುರ ಬೆರಳಿನಿಂದ ತಂತಿಯನ್ನು ಒತ್ತಿ, ಹಿಂದಿನ ಎರಡು ಬೆರಳುಗಳ ಬಲವನ್ನೂ ಕೊಟ್ಟು ಮೇಲಕ್ಕೆ ತಳ್ಳುತ್ತಾನೆ. ಸ್ವರ ಸಾಧಾರಣ ಗಾಂಧಾರದಿಂದ ಹೊರಡುತ್ತದೆ, ಅಂತರ ಗಾಂಧಾರವನ್ನು ಮುಟ್ಟುವುದಿಲ್ಲ. ನಡುವೆ ಎಲ್ಲೋ ನಿಲ್ಲುತ್ತದೆ. ಅಲ್ಲಿ ಮಣಿಕಟ್ಟು ಅಲುಗಿಸಿ ಅದನ್ನು ನಡುಗಿಸುತ್ತಾನೆ. ಆಮೇಲೆ ಇಳಿಸುತ್ತಾನೆ, ಒಮ್ಮೆಲೇ ಅಲ್ಲ, ಎಳೆದು ಎಳೆದು. ಗಮಕ ಕೇಳಿ ಬೆಳೆದವರಿಗೆ ಇದು ಪರದೇಶದ ಸಂಗೀತ ಅನ್ನಿಸಲು ಸಾಧ್ಯವೇ ಇಲ್ಲ. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿ ಎಳೆಯುವವರು ಮಾಡುವುದೂ ಈ ಕೆಲಸವನ್ನೇ.

[ಬಾಕ್ಸ್] ‘ನಂಬರ್ ಒನ್’ ಮತ್ತು ದಪ್ಪ ತಂತಿ
ವಾನ್ ತನ್ನ ನೆಚ್ಚಿನ ಗಿಟಾರನ್ನು ಕರೆಯುತ್ತಿದ್ದುದು ‘ನಂಬರ್ ಒನ್’ ಎಂದು. 1960ರ ದಶಕದ ಆರಂಭದ ಫೆಂಡರ್ ಸ್ಟ್ರಾಟೊಕಾಸ್ಟರ್; ಮೈಯ ಬಣ್ಣವೆಲ್ಲ ಎದ್ದುಹೋಗಿ ಮರ ಕಾಣುತ್ತಿತ್ತು. ಹೊಸಬರು ಎಲೆಕ್ಟ್ರಿಕ್ ಗಿಟಾರಿಗೆ ಹಾಕುವ ಅತಿ ತೆಳು ತಂತಿ ಸಾಮಾನ್ಯವಾಗಿ 0.009 ಇಂಚು. ವಾನ್ ಹಾಕುತ್ತಿದ್ದುದು 0.013. ಬಿಗಿ ಸ್ವಲ್ಪ ಕಡಿಮೆಯಾಗಲೆಂದು ಎಲ್ಲ ತಂತಿಗಳನ್ನೂ ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿಕೊಳ್ಳುತ್ತಿದ್ದ. ಹಾಗಿದ್ದೂ ಬೆರಳ ತುದಿಯ ಚರ್ಮ ಕಿತ್ತುಬರುತ್ತಿತ್ತು. ಸೂಪರ್ ಗ್ಲೂ ಹಚ್ಚಿ ಅಂಟಿಸಿಕೊಂಡು ಮತ್ತೆ ನುಡಿಸುತ್ತಿದ್ದ.

ಭಾವನ ಮಗಳು ಇದನ್ನು ಕೇಳಿ ಹಟ ಹಿಡಿದು ಆ ದಪ್ಪ ತಂತಿ ತರಿಸಿ ಹಾಕಿದಳು. ಒಂದು ಸ್ವರ ಎಳೆಯುವಷ್ಟರಲ್ಲಿ ಕಣ್ಣಲ್ಲಿ ನೀರು. ಕೊಡಗಿನ ಮಳೆಗಾಲವೂ ಗಿಟಾರಿಗೆ ಸುಲಭದ ಕಾಲವಲ್ಲ. ಉಕ್ಕಿನ ತಂತಿಗೆ ವಾರದೊಳಗೆ ತುಕ್ಕು, ಚೀಲದ ಒಳಗೆ ಬೂಷ್ಟು. ಥಂಡಿ ಕುಡಿದ ಮರ ಉಬ್ಬಿ ಗಿಟಾರಿನ ಕತ್ತು ಬಾಗುತ್ತದೆ. ಅವರ ಮನೆಯಲ್ಲಿ ಗಿಟಾರ್ ಇರುವುದು ಬೀರುವಿನಲ್ಲಿ, ಹಳೇ ಕಾಲದ ಬಿಸಿಯಾಗುವ ಬಲ್ಬೊಂದರ ಜೊತೆಗೆ. ಕರೆಂಟು ಇದ್ದ ದಿನ ಬಲ್ಬು ಉರಿಯುತ್ತದೆ, ಇಲ್ಲದ ದಿನ ಅಡುಗೆಮನೆಯ ಪಕ್ಕದ ಕೋಣೆಗೆ ಅದರ ವಾಸ. ಇಷ್ಟೆಲ್ಲ ಮಾಡಿ ಕಾಪಾಡಿದ ವಾದ್ಯದಲ್ಲಿ ‘ಟೆಕ್ಸಾಸ್ ಫ್ಲಡ್’ನ ಮೊದಲ ನಾಲ್ಕು ಆವರ್ತ ಅವಳಿಗೆ ಈಗ ಬರುತ್ತದೆ.

ಕೊಡಗಿಗೆ ರಾಕ್ ಬಂದ ದಾರಿ

ಬೆಟ್ಟದ ಮೂಲೆಯ ಊರಿಗೆ ಇದೆಲ್ಲ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಕೊಡಗಿನ ಮನೆತನಗಳಿಗೆ ಪಾಶ್ಚಾತ್ಯ ಸಂಗೀತ ಹೊಸತಲ್ಲ. ಪ್ಲಾಂಟರುಗಳ ಕ್ಲಬ್ಬು, ಸೇನೆಯ ಮೆಸ್ಸು, ಬೆಂಗಳೂರಿನ ಹಾಸ್ಟೆಲ್ಲು ಎಲ್ಲದರ ಮೂಲಕವೂ ಅದು ಮನೆಗೆ ಬಂದಿದೆ. 1960ರ ದಶಕದಲ್ಲಿ ಬೆಂಗಳೂರಿನಲ್ಲಿ ‘ಟ್ರೋಜನ್ಸ್’ ಎಂಬ ತಂಡದಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದ ಕೊಡವ ಯುವಕ ಬಿದ್ದು ಅಪ್ಪಯ್ಯ ಇಂಗ್ಲೆಂಡಿಗೆ ಹೋಗಿ, 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಹಾಡನ್ನು ಮಾಡಿ ಲೋಕವನ್ನೇ ಕುಣಿಸಿದರು. ಆಮೇಲೆ ‘ಕುರ್ಬಾನಿ’ಯ ‘ಆಪ್ ಜೈಸಾ ಕೋಯಿ’ ಕೂಡ ಅವರದೇ. ನಮ್ಮ ಹುಡುಗನೊಬ್ಬ ಹೋಗಿ ಗೆದ್ದ ಎಂಬ ಹೆಮ್ಮೆ ಇಲ್ಲಿನ ಗಿಟಾರ್ ಹುಚ್ಚಿಗೆ ಒಂದು ಬಲ.

ಭಾವ ವಾನ್‌ನನ್ನು ಮೊದಲು ಕೇಳಿದ್ದು ಬೆಂಗಳೂರಿನ ಹಾಸ್ಟೆಲಿನಲ್ಲಿ, ಕಾಪಿಯ ಮೇಲೆ ಕಾಪಿಯಾದ ಕ್ಯಾಸೆಟ್ಟಿನಲ್ಲಿ. ಆ ಕಾಲದ ಕೇಳುಗರ ಅಭಿಮಾನಕ್ಕೆ ಒಂದು ಗುಣವಿತ್ತು. ಸಿಕ್ಕಿದ್ದು ಒಂದೇ ಕ್ಯಾಸೆಟ್ಟು, ಅದನ್ನೇ ಟೇಪು ಸವೆಯುವ ತನಕ ಕೇಳುವುದು. ಯಾವ ಹಾಡಿನಲ್ಲಿ ಎಲ್ಲಿ ತಂತಿ ಉಜ್ಜುವ ಸದ್ದಿದೆ ಎಂಬುದೂ ಬಾಯಿಪಾಠ.

ಬೆಂಗಳೂರು ಮುಂದೆ ರಾಕ್ ಕಛೇರಿಗಳ ಊರೇ ಆಯಿತು. ಸ್ವಾತಂತ್ರ್ಯ ದಿನಕ್ಕೆ ಹೊಸ ತಂಡಗಳಿಗೆ ವೇದಿಕೆ ಕೊಡುವ ‘ಫ್ರೀಡಂ ಜ್ಯಾಮ್’ 1990ರ ದಶಕದಿಂದ ನಡೆಯಿತು. ಅರಮನೆ ಮೈದಾನಕ್ಕೆ 2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ಬಂದರು. 2005ರ ಮಾರ್ಚಿನಲ್ಲಿ ಮಾರ್ಕ್ ನಾಫ್ಲರ್ ಬಂದಾಗ ಮಡಿಕೇರಿ, ವಿರಾಜಪೇಟೆ ಕಡೆಯ ಗಿಟಾರ್ ಹುಚ್ಚಿನವರೂ ಬಸ್ಸು ಹತ್ತಿದ್ದರು. 2012ರಲ್ಲಿ ಕೊಡಗಿನಲ್ಲೇ ‘ಸ್ಟಾರ್ಮ್’ ಎಂಬ ಬಯಲು ಸಂಗೀತೋತ್ಸವ ಶುರುವಾಗಿ, ಊರೂರಿನ ಯುವಕರು ಬಂದು ಡೇರೆಯಲ್ಲಿ ಮಲಗಿ ಹಾಡು ಕೇಳಿದರು.

ವಾನ್ ಮಾತ್ರ ಭಾರತಕ್ಕೆ ಬರಲಿಲ್ಲ. ಆಯುಷ್ಯ ಅಷ್ಟು ಇರಲಿಲ್ಲ. ಆದರೆ 2011ರಲ್ಲಿ ಮುಂಬೈಯಲ್ಲಿ ಮಹೀಂದ್ರಾ ಬ್ಲೂಸ್ ಉತ್ಸವ ಶುರುವಾದಾಗ ಅಲ್ಲಿಗೆ ಬಡ್ಡಿ ಗೈ ಬಂದಿದ್ದರು. ವಾನ್‌ನ ಕೊನೆಯ ರಾತ್ರಿ ವೇದಿಕೆಯಲ್ಲಿ ಅವನ ಪಕ್ಕ ನಿಂತು ನುಡಿಸಿದವರು ಅವರು. ಬೆಂಗಳೂರಿನಿಂದ ರೈಲು ಹತ್ತಿ ಹೋದ ಅಭಿಮಾನಿಗಳಿಗೆ ಅಷ್ಟು ಹತ್ತಿರದ ನಂಟು ಸಿಕ್ಕಿದ್ದೇ ದೊಡ್ಡದು.

ಪ್ರವಾಹದ ಹಾಡು

‘ಟೆಕ್ಸಾಸ್ ಫ್ಲಡ್’ ವಾನ್ ಬರೆದ ಹಾಡಲ್ಲ. 1958ರಲ್ಲಿ ಲ್ಯಾರಿ ಡೇವಿಸ್ ಹಾಡಿ ರೆಕಾರ್ಡ್ ಮಾಡಿದ್ದು. ಊರಿಗೆ ನೆರೆ ಬಂದಿದೆ, ಟೆಲಿಫೋನ್ ತಂತಿಗಳು ಬಿದ್ದಿವೆ, ಪ್ರೀತಿಸಿದವಳನ್ನು ಮಾತಾಡಿಸಲು ಆಗುತ್ತಿಲ್ಲ. ಹಾಡಿನಲ್ಲಿ ಇರುವುದು ಇಷ್ಟೇ.

2018ರ ಆಗಸ್ಟ್ ತನಕ ನಾವದನ್ನು ಬರೀ ಹಾಡಾಗಿ ಕೇಳಿದ್ದೆವು.

ಆ ಆಗಸ್ಟಿನ ನಡುವಿನಲ್ಲಿ ಬಿಡದೆ ಸುರಿದ ಮಳೆಗೆ ಗಾಳಿಬೀಡು, ಮೊಣ್ಣಂಗೇರಿ, ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳು ಜಾರಿದವು. ಕಾಫಿ ತೋಟ, ಮನೆ, ದನದ ಕೊಟ್ಟಿಗೆ ಎಲ್ಲವೂ ಮಣ್ಣಿನೊಂದಿಗೆ ಇಳಿದುಹೋದ ಜಾಗಗಳಿವೆ. ಜೀವಗಳೂ ಹೋದವು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಕುಸಿದು ಸಂಚಾರ ನಿಂತಿತು. ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದರು.

ನಾನು ಆಗ ಬೆಂಗಳೂರಿನಲ್ಲಿದ್ದೆ. ಅಕ್ಕನ ನಂಬರು ಒತ್ತಿದರೆ ಯಾವ ಉತ್ತರವೂ ಇಲ್ಲ. ಮಡಿಕೇರಿಯ ನೆಂಟರಿಗೂ ಗೊತ್ತಿಲ್ಲ. ಸಿಕ್ಕಿದ ವಿಡಿಯೊಗಳಲ್ಲೆಲ್ಲ ಕೆಂಪು ಮಣ್ಣು ಹರಿಯುವುದೇ ಕಾಣುತ್ತಿತ್ತು, ಅದು ಯಾವ ಬೆಟ್ಟ, ಯಾರ ತೋಟ ಎಂದು ಗುರುತು ಹತ್ತುತ್ತಿರಲಿಲ್ಲ. ಕೊನೆಗೆ ಯಾರದೋ ಫೋನಿನಿಂದ ಭಾವನ ದನಿ ಬಂತು: ‘ಎಲ್ಲರೂ ಇದ್ದೇವೆ ಮಾರಾಯ, ಮನೆಯೂ ಉಂಟು. ಹಿಂದಿನ ಬರೆ ಮಾತ್ರ ಹೋಯ್ತು.’ ಮಾತು ಮುಗಿಯುವ ಮೊದಲೇ ಲೈನು ಕಡಿಯಿತು.

ಅದಾದ ಮೇಲೆ ಬಹಳ ದಿನ ಆ ಹಾಡನ್ನು ಹಾಕಲು ನಮ್ಮಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಮತ್ತೆ ಕೇಳಿದಾಗ, ಸಾಲು ಮುಗಿದ ಮೇಲೆ ಗಿಟಾರ್ ಅಷ್ಟು ಹೊತ್ತು ಯಾಕೆ ಮಾತಾಡುತ್ತದೆ ಎಂಬುದು ತಿಳಿಯಿತು. ಫೋನು ಹತ್ತದವನಿಗೆ ಹೇಳಲು ಮಾತು ಕೆಲವೇ ಇರುತ್ತದೆ. ಮಿಕ್ಕಿದ್ದೆಲ್ಲ ಕಾಯುವುದು.

ಮತ್ತೆ ಮಾಂಟ್ರೋ, ಆಮೇಲೆ ಮಂಜು

1985ರ ಜುಲೈ 15ರಂದು ವಾನ್ ಮತ್ತೆ ಮಾಂಟ್ರೋ ವೇದಿಕೆ ಹತ್ತಿದ. ಮೂರು ವರ್ಷದಲ್ಲಿ ಎಲ್ಲವೂ ಬದಲಾಗಿತ್ತು. ತಂಡಕ್ಕೆ ಕೀಬೋರ್ಡ್ ನುಡಿಸುವ ರೀಸ್ ವೈನನ್ಸ್ ಸೇರಿದ್ದ. ಟೆಕ್ಸಾಸಿನ ಹಿರಿಯ ಗಿಟಾರ್ ವಾದಕ ಜಾನಿ ಕೋಪ್‌ಲ್ಯಾಂಡ್ ಜೊತೆಗೆ ನಿಂತು ನುಡಿಸಿದರು. ಸಭೆ ಅವನದೇ ಆಗಿತ್ತು. ಆ ರಾತ್ರಿಯೂ ‘ಟೆಕ್ಸಾಸ್ ಫ್ಲಡ್’ ನುಡಿಸಿದ, ಈ ಸಲ ಕೂಗಾಟವಿಲ್ಲ.

ಒಳಗಿನ ಪಾಡು ಬೇರೆ ಇತ್ತು. ಕುಡಿತ, ಕೊಕೇನ್ ಎರಡೂ ಅವನನ್ನು ತಿನ್ನುತ್ತಿದ್ದವು. 1986ರಲ್ಲಿ ಯುರೋಪ್ ಪ್ರವಾಸದಲ್ಲಿ ಕುಸಿದುಬಿದ್ದ ಮೇಲೆ ಚಿಕಿತ್ಸೆ ತೆಗೆದುಕೊಂಡು ಎರಡನ್ನೂ ಬಿಟ್ಟ. ಮತ್ತೆ ಮುಟ್ಟಲಿಲ್ಲ. ಸಾಯುವ ತನಕ ತನ್ನ ಕಛೇರಿಗಳಲ್ಲೇ ಅದರ ಬಗ್ಗೆ ಬಿಚ್ಚುಮನಸ್ಸಿನಿಂದ ಮಾತಾಡುತ್ತಿದ್ದ. ಬಹಳ ಅಭಿಮಾನಿಗಳಿಗೆ ಅವನು ಗಿಟಾರಿಗಿಂತ ಮೊದಲು ಇದಕ್ಕಾಗಿ ಆಪ್ತ.

1990ರ ಆಗಸ್ಟ್ 26ರ ರಾತ್ರಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಲ್ಪೈನ್ ವ್ಯಾಲಿ ಎಂಬ ಬಯಲು ರಂಗದಲ್ಲಿ ಎರಿಕ್ ಕ್ಲ್ಯಾಪ್ಟನ್, ಬಡ್ಡಿ ಗೈ, ರಾಬರ್ಟ್ ಕ್ರೇ, ಅಣ್ಣ ಜಿಮ್ಮಿ ವಾನ್ ಎಲ್ಲರೊಂದಿಗೆ ನಿಂತು ಕೊನೆಯ ಹಾಡು ನುಡಿಸಿದ. ನಡುರಾತ್ರಿ ದಾಟಿದ ಮೇಲೆ ಶಿಕಾಗೊಗೆ ಹೊರಟ ಹೆಲಿಕಾಪ್ಟರ್ ದಟ್ಟ ಮಂಜಿನಲ್ಲಿ ಪಕ್ಕದ ಗುಡ್ಡಕ್ಕೆ ಬಡಿಯಿತು. ಅದರಲ್ಲಿದ್ದ ಐವರೂ ತೀರಿಕೊಂಡರು. ಅವನಿಗೆ 35 ವರ್ಷ. ಮಂಜಿನಲ್ಲಿ ಗಾಡಿ ಓಡಿಸಿ ಗೊತ್ತಿರುವ ಕೊಡಗಿನವರಿಗೆ, ಎದುರಿನ ಗುಡ್ಡ ಕಾಣದಿರುವುದು ಎಂದರೇನೆಂದು ವಿವರಿಸಬೇಕಿಲ್ಲ.

[ಬಾಕ್ಸ್] ಕೂಗಿಸಿಕೊಂಡ ಹಾಡಿಗೆ ಗ್ರ್ಯಾಮಿ
1982ರ ಮಾಂಟ್ರೋ ಉತ್ಸವದ ಬ್ಲೂಸ್ ಧ್ವನಿಮುದ್ರಣಗಳನ್ನು ಸೇರಿಸಿ ‘ಬ್ಲೂಸ್ ಎಕ್ಸ್‌ಪ್ಲೋಶನ್’ ಎಂಬ ಸಂಕಲನ ಹೊರಬಂತು. ಕೋಕೊ ಟೇಲರ್, ಜೆ.ಬಿ. ಹಟ್ಟೊ ಮೊದಲಾದವರ ಜೊತೆ ವಾನ್ ಕೂಡ ಅದರಲ್ಲಿದ್ದ. ಸಾಂಪ್ರದಾಯಿಕ ಬ್ಲೂಸ್ ವಿಭಾಗದ ಗ್ರ್ಯಾಮಿ ಅದಕ್ಕೆ ಸಂದಿತು. 1982, 1985ರ ಎರಡೂ ರಾತ್ರಿಗಳ ನುಡಿಸಾಣಿಕೆ ಒಟ್ಟಾಗಿ 2001ರಲ್ಲಿ ಸಿ.ಡಿ.ಯಾಗಿ, ಬಳಿಕ ಡಿ.ವಿ.ಡಿ.ಯಾಗಿ ಬಂತು.

ಯಾವ ರಾತ್ರಿ ದೊಡ್ಡದು?

ಅಭಿಮಾನಿಗಳಲ್ಲಿ ಮುಗಿಯದ ಜಗಳ ಇದು. 1985ರದ್ದು ಹೆಚ್ಚು ತುಂಬಿಕೊಂಡ ಕಛೇರಿ, ಕೋಪ್‌ಲ್ಯಾಂಡ್ ಜೊತೆಗಿನ ‘ಟಿನ್ ಪ್ಯಾನ್ ಆ್ಯಲಿ’ಯಂಥದ್ದು ಮತ್ತೊಂದಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಇಬ್ಬರು ಗಿಟಾರಿನವರು ಒಬ್ಬರ ಮಾತಿಗೆ ಇನ್ನೊಬ್ಬರು ಕಾದು ಉತ್ತರಿಸುವುದು ಅದರಲ್ಲಿದೆ.

ನನ್ನ ಒಲವು 1982ಕ್ಕೇ. ಕಾರಣ ಬರೀ ಕಥೆಯಲ್ಲ, ಸಂಗೀತದ್ದು. ಅಂದು ಕೀಬೋರ್ಡ್ ಇರಲಿಲ್ಲ. ವಾನ್ ಹಾಡು ಬಿಟ್ಟು ಏಕಾಂಗಿ ನುಡಿಸಾಟಕ್ಕೆ ಇಳಿದಾಗ ಹಿಂದೆ ಉಳಿಯುವುದು ಬೇಸ್ ಮತ್ತು ಡ್ರಮ್ಸ್ ಮಾತ್ರ. ಅವನು ಒಂದು ಕ್ಷಣ ಸುಮ್ಮನಾದರೂ ಆ ಖಾಲಿ ಜಾಗ ಹಾಗೆಯೇ ಕೇಳುತ್ತದೆ, ಮುಚ್ಚುವವರಿಲ್ಲ. ಸ್ವರ ಎಲ್ಲಿ ಹುಟ್ಟಿತು, ಎಷ್ಟು ಹೊತ್ತು ನಿಂತಿತು, ಎಲ್ಲಿ ಮುಗಿಯಿತು ಎಲ್ಲವೂ ಬೆತ್ತಲೆ. ಕೈ ನಡುಗಿದ್ದರೆ ಅಡಗಿಸಿಕೊಳ್ಳಲು ಜಾಗವೇ ಇರಲಿಲ್ಲ. ಕೈ ನಡುಗಿಲ್ಲ.

ಮತ್ತೊಂದು, ಹಾಡುಗಳ ಸಾಲು. ಐದು ಹಾಡು ಆಗಿದೆ, ಕೂಗು ಬಿದ್ದಿದೆ. ಅಂಥ ಹೊತ್ತಿನಲ್ಲಿ ಯಾವ ತಂಡವಾದರೂ ಸಭೆಯನ್ನು ಗೆಲ್ಲಲು ಜನ ಬಲ್ಲ ಹಾಡಿಗೋ ಓಟದ ಹಾಡಿಗೋ ಕೈ ಹಾಕುತ್ತದೆ. ವಾನ್ ಆರನೆಯದಾಗಿ ಎತ್ತಿಕೊಂಡದ್ದು ‘ಡರ್ಟಿ ಪೂಲ್’. ಗೆಳೆಯ ಡಾಯ್ಲ್ ಬ್ರ್ಯಾಮ್ಹಾಲ್ ಜೊತೆ ಸೇರಿ ಬರೆದ, ಯಾರಿಗೂ ಗೊತ್ತಿಲ್ಲದ, ನಿಧಾನದ, ಮೋಸ ಹೋದವನ ಹಾಡು. ಹಿನ್ನೆಲೆಯ ನಡೆ ಮೆಲ್ಲಗೆ; ಅದರ ಮೇಲೆ ಬಲಗೈ ತಂತಿಗಳನ್ನು ಮಿಡತೆಯ ರೆಕ್ಕೆಯಂತೆ ಬಡಿಯುತ್ತ, ಸದ್ದು ಏರಿಸದೆ ಬಿಗಿ ಏರಿಸುತ್ತ ಹೋಗುತ್ತದೆ. ಅದಾದ ಮೇಲೆಯೇ ಕೊನೆಯ ಎರಡು ವೇಗದ ಹಾಡುಗಳು, ‘ಗಿವ್ ಮಿ ಬ್ಯಾಕ್ ಮೈ ವಿಗ್’ ಮತ್ತು ‘ಕಾಲಿನ್ಸ್ ಶಫಲ್’. ಈ ರಾತ್ರಿಯನ್ನು ಮೊದಲ ಸಲ ಕೇಳುವವರು ‘ಟೆಕ್ಸಾಸ್ ಫ್ಲಡ್’ ಬದಲು ಆ ಆರನೆಯ ಹಾಡಿನಿಂದಲೇ ಶುರುಮಾಡಬಹುದು.